ಬೈಕಿಗೆ ಹೊಸ ಬ್ರೇಕ್ ಪ್ಯಾಡ್: ಆಯ್ಕೆ ಹೇಗೆ?

“ಪ್ಯಾಡ್ ಮುಗಿದಿದೆ ಸಾರ್, ಒರಿಜಿನಲ್ ಹಾಕ್ಲಾ, ಲೋಕಲ್ ಹಾಕ್ಲಾ?” ಬೈಕನ್ನು ಸರ್ವೀಸಿಗೆ ಬಿಟ್ಟವರಲ್ಲಿ ಈ ಪ್ರಶ್ನೆಯನ್ನು ಎದುರಿಸದವರು ಕಡಿಮೆ. ಉತ್ತರವನ್ನು ಹೆಚ್ಚಿನ ಸಲ ಬೆಲೆಯೇ ತೀರ್ಮಾನಿಸಿಬಿಡುತ್ತದೆ. ಆದರೆ ಬ್ರೇಕ್ ಪ್ಯಾಡ್ ಒಂಟಿಯಾಗಿ ಕೆಲಸ ಮಾಡುವ ಭಾಗವಲ್ಲ. ಅದು ಕ್ಯಾಲಿಪರಿನಲ್ಲಿ, ಅಂದರೆ ಪ್ಯಾಡುಗಳನ್ನು ಹಿಡಿದುಕೊಂಡು ಡಿಸ್ಕಿಗೆ ಒತ್ತುವ ಭಾಗದಲ್ಲಿ, ಸರಿಯಾಗಿ ಕೂರಬೇಕು, ಚಕ್ರದ ಜೊತೆ ತಿರುಗುವ ಡಿಸ್ಕಿನ ಲೋಹಕ್ಕೆ ಹೊಂದಬೇಕು, ಸವಾರ ದಿನವೂ ಓಡಾಡುವ ದಾರಿಯಲ್ಲಿ ಹುಟ್ಟುವ ಶಾಖವನ್ನು ತಾಳಿಕೊಳ್ಳಬೇಕು. ಈ ಮೂರನ್ನೂ ಇದೇ ಕ್ರಮದಲ್ಲಿ ನೋಡಿಕೊಂಡು, ಬ್ರಾಂಡ್ ಮತ್ತು ಬೆಲೆಯ ಮಾತನ್ನು ಕೊನೆಗೆ ಇಟ್ಟುಕೊಂಡರೆ ಆಯ್ಕೆ ಸುಲಭವಾಗುತ್ತದೆ.

ನಿಜವಾಗಿಯೂ ಸವೆದಿದೆಯೇ?

ಮೊದಲು ಟಾರ್ಚ್ ಹಿಡಿದು, ಕ್ಯಾಲಿಪರಿನ ಸಂದಿಯಿಂದ ಡಿಸ್ಕಿನ ಎರಡೂ ಬದಿಯ ಪ್ಯಾಡುಗಳನ್ನು ನೋಡಬೇಕು. ಉಕ್ಕಿನ ಹಿಂಬದಿ ತಟ್ಟೆಗೆ ಅಂಟಿಕೊಂಡಿರುವ, ಡಿಸ್ಕಿಗೆ ಉಜ್ಜುವ ಪದರವಷ್ಟೇ ಇಲ್ಲಿ ಲೆಕ್ಕಕ್ಕೆ ಬರುತ್ತದೆ. ಬಹಳಷ್ಟು ಪ್ಯಾಡುಗಳಲ್ಲಿ ಸವೆತ ತಿಳಿಸಲೆಂದೇ ಒಂದು ಗೀರು ಕೊರೆದಿರುತ್ತಾರೆ. ಅದು ಮಾಸಿಹೋಗಿದ್ದರೆ ಬದಲಿಸುವ ಕಾಲ ಬಂದಿದೆ ಎಂದೇ ಅರ್ಥ. ಗೀರು ಕಾಣದಿದ್ದರೆ ಬೈಕಿನ ಕೈಪಿಡಿಯಲ್ಲಿ ಹೇಳಿದ ಕನಿಷ್ಠ ದಪ್ಪವನ್ನು ನೋಡಬೇಕು. ಹಲವು ಬೈಕುಗಳಲ್ಲಿ ಅದು 1ರಿಂದ 1.5 ಮಿ.ಮೀ. ಆಸುಪಾಸಿನಲ್ಲಿರುತ್ತದೆ. ಕಬ್ಬಿಣ ಕೊರೆಯುವಂತಹ ಸದ್ದು ಬರುವವರೆಗೆ ಕಾದವರಿಗೆ ಪ್ಯಾಡಿನ ಜೊತೆಗೆ ಡಿಸ್ಕಿನ ಖರ್ಚೂ ಬೀಳುತ್ತದೆ.

ಒಂದು ಪ್ಯಾಡ್ ಪೂರ್ತಿ ಸವೆದು ಇನ್ನೊಂದು ದಪ್ಪಗೇ ಉಳಿದಿದ್ದರೆ ದೋಷ ಪ್ಯಾಡಿನದ್ದಲ್ಲ. ಕ್ಯಾಲಿಪರ್ ಅತ್ತಿತ್ತ ಜಾರುವ ಪಿನ್ನುಗಳು ತುಕ್ಕು ಅಥವಾ ಕೆಸರಿನಿಂದ ಬಿಗಿದುಕೊಂಡಿರುತ್ತವೆ, ಇಲ್ಲವೇ ಬ್ರೇಕ್ ಆಯಿಲಿನ ಒತ್ತಡದಿಂದ ಪ್ಯಾಡನ್ನು ತಳ್ಳುವ ಪಿಸ್ಟನ್ ಸರಿಯಾಗಿ ಹಿಂದಕ್ಕೆ ಸರಿಯುತ್ತಿರುವುದಿಲ್ಲ. ಅದನ್ನು ಸರಿಪಡಿಸದೆ ಎಷ್ಟು ದುಬಾರಿಯ ಪ್ಯಾಡ್ ಹಾಕಿದರೂ ಅದು ಹಾಗೆಯೇ ಓರೆಯಾಗಿ ಸವೆಯುತ್ತದೆ.

ಬ್ರೇಕ್ ಆಯಿಲಿನ ಮಟ್ಟ ಇಳಿದಿರುವುದನ್ನು ಕಂಡು ಗಾಬರಿಯಾಗಿ ಡಬ್ಬಿ ತುಂಬಿಸುವವರಿದ್ದಾರೆ. ಪ್ಯಾಡ್ ಸವೆದಂತೆಲ್ಲ ಪಿಸ್ಟನ್ ಹೊರಬಂದು ಆ ಜಾಗವನ್ನು ಆಯಿಲ್ ತುಂಬಿಕೊಳ್ಳುವುದರಿಂದ ಮಟ್ಟ ತಾನಾಗಿಯೇ ಇಳಿಯುತ್ತದೆ. ಹೊಸ ಪ್ಯಾಡಿಗಾಗಿ ಪಿಸ್ಟನ್ನನ್ನು ಹಿಂದಕ್ಕೆ ಒತ್ತಿದಾಗ ಅದು ಮತ್ತೆ ಏರುತ್ತದೆ. ಮೊದಲೇ ಮೇಲಿನವರೆಗೆ ತುಂಬಿಸಿಟ್ಟಿದ್ದರೆ ಉಕ್ಕಿ ಪೆಟ್ರೋಲ್ ಟ್ಯಾಂಕಿನ ಬಣ್ಣವನ್ನು ತಿನ್ನುತ್ತದೆ. ಆದರೆ ಪ್ಯಾಡ್ ದಪ್ಪಗಿದ್ದೂ ಮಟ್ಟ ಇಳಿದಿದ್ದರೆ ಸೋರಿಕೆಯನ್ನು ಹುಡುಕಲೇಬೇಕು.

ಬೈಕಿನ ಹೆಸರೊಂದೇ ಸಾಲದು

ಅಂಗಡಿಯಲ್ಲಿ ಬೈಕಿನ ಹೆಸರು ಹೇಳಿ ಪ್ಯಾಡ್ ಕೇಳುವುದು ರೂಢಿ. ಆದರೆ ಪ್ಯಾಡಿನ ಆಕಾರವನ್ನು ನಿರ್ಧರಿಸುವುದು ಕ್ಯಾಲಿಪರ್, ಮತ್ತು ಒಂದೇ ಹೆಸರಿನ ಬೈಕಿನಲ್ಲಿ ವರ್ಷದಿಂದ ವರ್ಷಕ್ಕೆ ಬ್ರೇಕಿನ ಭಾಗಗಳು ಬದಲಾಗಿರುತ್ತವೆ. ರಾಯಲ್ ಎನ್‌ಫೀಲ್ಡ್ ಕ್ಲಾಸಿಕ್ 350 ಇದಕ್ಕೆ ಒಳ್ಳೆಯ ಉದಾಹರಣೆ. 2021ರಲ್ಲಿ ಆ ಬೈಕಿನ ಚಾಸಿ ಮತ್ತು ಎಂಜಿನ್ ಎರಡೂ ಬದಲಾದವು. ಮುಂದಿನ ಡಿಸ್ಕ್ 280 ಮಿ.ಮೀ.ನಿಂದ 300 ಮಿ.ಮೀ.ಗೆ ಹಿಗ್ಗಿತು. ಬರೀ ‘ಕ್ಲಾಸಿಕ್ ಪ್ಯಾಡ್’ ಎಂದು ಕೇಳಿ ತಂದರೆ ಅದು ಯಾವ ಕ್ಲಾಸಿಕ್‌ನದು ಎಂಬ ಪ್ರಶ್ನೆ ಉಳಿದೇ ಉಳಿಯುತ್ತದೆ. 125 ಸಿಸಿ ಮೀರಿದ ಹೊಸ ಬೈಕುಗಳಿಗೆಲ್ಲ 2019ರ ಏಪ್ರಿಲ್ 1ರಿಂದ ಎಬಿಎಸ್ (ಜೋರಾಗಿ ಬ್ರೇಕ್ ಹಿಡಿದಾಗ ಚಕ್ರ ಜಾಮ್ ಆಗದಂತೆ ತಡೆಯುವ ವ್ಯವಸ್ಥೆ) ಕಡ್ಡಾಯವಾದಾಗಲೂ ಕೆಲವು ಮಾದರಿಗಳ ಬ್ರೇಕ್ ಭಾಗಗಳು ಬದಲಾದವು. ಆದ್ದರಿಂದ ಎಬಿಎಸ್ ಇದೆಯೋ ಇಲ್ಲವೋ, ತಯಾರಾದ ವರ್ಷ ಯಾವುದು, ಬೇಕಾಗಿರುವುದು ಮುಂದಿನದೋ ಹಿಂದಿನದೋ ಎಂಬ ವಿವರಗಳನ್ನು ಕೇಳುವ ಮೊದಲೇ ಹೇಳುವುದು ಒಳ್ಳೆಯದು.

ಇದಕ್ಕಿಂತ ಖಾತರಿಯ ದಾರಿಯೆಂದರೆ ಹಳೆಯ ಪ್ಯಾಡನ್ನೇ ಬಿಚ್ಚಿ ಅಂಗಡಿಗೆ ಒಯ್ಯುವುದು. ಹಿಂಬದಿ ತಟ್ಟೆಯ ಆಕಾರ, ಪಿನ್ನಿನ ತೂತುಗಳ ಸ್ಥಾನ, ತಟ್ಟೆಯಿಂದ ಚಾಚಿಕೊಂಡ ಕಿವಿಗಳ ಅಗಲ ಇವೆಲ್ಲ ಒಂದರ ಮೇಲೊಂದು ಇಟ್ಟಾಗ ಕೂಡಿಬರಬೇಕು. ಕ್ಯಾಲಿಪರಿನ ಮೇಲೆ ಅಚ್ಚಾದ ತಯಾರಕರ ಹೆಸರನ್ನೂ ಗುರುತು ಹಾಕಿಕೊಳ್ಳಬಹುದು. ಉದಾಹರಣೆಗೆ ಬೈಬ್ರೆ ಎಂಬುದು ಇಟಲಿಯ ಬ್ರೆಂಬೊ ಕಂಪನಿ ಸಣ್ಣ ಮತ್ತು ಮಧ್ಯಮ ಗಾತ್ರದ ಬೈಕುಗಳಿಗಾಗಿ ಮಾಡಿಕೊಂಡ ಬ್ರಾಂಡ್. ಕೆಟಿಎಂ ಡ್ಯೂಕ್, ಬಿಎಂಡಬ್ಲ್ಯು ಜಿ 310, ರಾಯಲ್ ಎನ್‌ಫೀಲ್ಡ್ 650 ಹೀಗೆ ಬೇರೆ ಬೇರೆ ಕಂಪನಿಗಳ ಬೈಕುಗಳಲ್ಲಿ ಅದರ ಕ್ಯಾಲಿಪರುಗಳಿವೆ. ಒಂದು ಪ್ಯಾಡಿನ ಪೊಟ್ಟಣದ ಮೇಲೆ ಎರಡು ಮೂರು ಕಂಪನಿಗಳ ಬೈಕುಗಳ ಹೆಸರಿದ್ದರೆ ಅದರಲ್ಲಿ ಅನುಮಾನ ಪಡುವಂಥದ್ದೇನೂ ಇಲ್ಲ.

ಹಿಂದಿನ ಚಕ್ರದಲ್ಲಿ ಡ್ರಮ್ ಬ್ರೇಕ್ ಇರುವವರಿಗೆ ಅಲ್ಲಿ ಬೇಕಾಗುವುದು ಬ್ರೇಕ್ ಶೂ, ಅಂದರೆ ಮೆಕ್ಯಾನಿಕ್‌ಗಳು ಲೈನರ್ ಎನ್ನುವ ವಸ್ತು. ಅದರ ಲೆಕ್ಕ ಬೇರೆ.

ಡಿಸ್ಕನ್ನೂ ನೋಡಿ

ಡಿಸ್ಕಿನ ಮೇಲೆ ಅದು ಸವೆಯಬಹುದಾದ ಕನಿಷ್ಠ ದಪ್ಪವನ್ನು ಸಾಮಾನ್ಯವಾಗಿ ಮಿಲಿಮೀಟರುಗಳಲ್ಲಿ ಅಚ್ಚೊತ್ತಿರುತ್ತಾರೆ. ಅಂಚಿನಲ್ಲಿ ಏಣು ಎದ್ದಿರುತ್ತದಾದ್ದರಿಂದ ಅಲ್ಲಿ ಅಳೆಯದೆ, ಪ್ಯಾಡ್ ಉಜ್ಜುವ ಭಾಗದಲ್ಲಿ ನಾಲ್ಕಾರು ಕಡೆ ಅಳೆಯಬೇಕು. ಅಳತೆ ಆ ಸಂಖ್ಯೆಗಿಂತ ಕಡಿಮೆಯಾಗಿದ್ದರೆ ಡಿಸ್ಕನ್ನು ಬದಲಿಸದೆ ಬೇರೆ ಮಾತಿಲ್ಲ. ಉಗುರಿಗೆ ತಡೆಯುವಷ್ಟು ಆಳದ ಗೀರುಗಳಿದ್ದರೂ ಹೊಸ ಪ್ಯಾಡ್ ಪೂರ್ತಿಯಾಗಿ ಒತ್ತಿಕೊಳ್ಳಲಾರದು.

ಮೂರು ಬಗೆಯ ಪ್ಯಾಡು

ಈಗ ಆಯ್ಕೆಯ ತಿರುಳಿಗೆ ಬರೋಣ. ಅಂಗಡಿಯಲ್ಲಿ ‘ಆರ್ಗ್ಯಾನಿಕ್’ ಎಂದು ಕೊಡುವ ಪ್ಯಾಡಿನಲ್ಲಿ ನಾರು, ರಬ್ಬರು ಮತ್ತು ಘರ್ಷಣೆಯನ್ನು ಹೆಚ್ಚುಕಡಿಮೆ ಮಾಡುವ ಪುಡಿಗಳನ್ನು ರಾಳದಲ್ಲಿ ಕಲಸಿ ಗಟ್ಟಿ ಮಾಡಿರುತ್ತಾರೆ. ಇದು ಡಿಸ್ಕನ್ನು ಹೆಚ್ಚು ತಿನ್ನುವುದಿಲ್ಲ, ಸದ್ದು ಕಡಿಮೆ, ತಣ್ಣಗಿರುವಾಗಲೂ ಮೊದಲ ಒತ್ತಿಗೇ ಹಿಡಿಯುತ್ತದೆ, ಲೀವರ್ ಒತ್ತಿದಷ್ಟಕ್ಕೆ ತಕ್ಕಂತೆ ಹಿಡಿತ ಏರುತ್ತದೆ. ಬೇಗ ಸವೆಯುವುದು ಮತ್ತು ವಿಪರೀತ ಕಾದಾಗ ಹಿಡಿತ ಬಿಡುವುದು ಇದರ ದೌರ್ಬಲ್ಯ. ಸಿಂಟರ್ಡ್ ಪ್ಯಾಡಿನಲ್ಲಿ ತಾಮ್ರವೇ ಮೊದಲಾದ ಲೋಹಗಳ ಪುಡಿಯನ್ನು ಒತ್ತಡ ಮತ್ತು ಶಾಖದಿಂದ ಬೆಸೆದಿರುತ್ತಾರೆ. ಇದು ಹೆಚ್ಚು ಶಾಖ ತಡೆಯುತ್ತದೆ, ಮಳೆಯಲ್ಲಿ ನೆನೆದ ಡಿಸ್ಕನ್ನೂ ಚೆನ್ನಾಗಿ ಹಿಡಿಯುತ್ತದೆ, ಹೆಚ್ಚು ಕಾಲ ಬಾಳುತ್ತದೆ. ಬದಲಿಗೆ ಡಿಸ್ಕು ಬೇಗ ಸವೆಯುತ್ತದೆ, ಕೆಲವೊಮ್ಮೆ ಕೀರಲು ಸದ್ದೂ ಬರುತ್ತದೆ. ಇವೆರಡರ ನಡುವೆ ರಾಳದೊಳಗೆ ಲೋಹದ ಪುಡಿ ಬೆರೆಸಿದ ಸೆಮಿ ಮೆಟಾಲಿಕ್ ಪ್ಯಾಡುಗಳಿವೆ.

‘ಸಿಂಟರ್ಡ್ ಒಳ್ಳೆಯದು’ ಎಂಬ ಮಾತು ಬೈಕ್ ಪ್ರಿಯರ ನಡುವೆ ಚಾಲ್ತಿಯಲ್ಲಿದೆ. ಅದನ್ನು ಹಾಗೆಯೇ ಒಪ್ಪಬೇಕಿಲ್ಲ. ಕಂಪನಿಯವರು ಆರ್ಗ್ಯಾನಿಕ್ ಪ್ಯಾಡ್ ಹಾಕಿ ಕೊಟ್ಟ ಬೈಕಿನ ಡಿಸ್ಕು ಆ ಪ್ಯಾಡಿಗೆ ತಕ್ಕಷ್ಟೇ ಗಟ್ಟಿ ಇರಬಹುದು. ಹಳೆಯ ಬೈಕುಗಳ ಎರಕದ ಕಬ್ಬಿಣದ ಡಿಸ್ಕಿಗಂತೂ ಸಿಂಟರ್ಡ್ ಬೇಡವೇ ಬೇಡ. ಕೈಪಿಡಿಯೋ ಪ್ಯಾಡ್ ತಯಾರಕರ ಪಟ್ಟಿಯೋ ಸಿಂಟರ್ಡ್ ಆಗುತ್ತದೆ ಎಂದು ಹೇಳಿದ್ದರೆ ಮಾತ್ರ ಆ ಕಡೆಗೆ ಹೋಗುವುದು ಕ್ಷೇಮ.

ಎರಡು ಅಕ್ಷರಗಳು

ಹಲವು ಪ್ಯಾಡುಗಳ ಹಿಂಬದಿ ತಟ್ಟೆಯ ಮೇಲೆ ‘ಎಫ್‌ಎಫ್’, ‘ಜಿಜಿ’, ‘ಎಚ್‌ಎಚ್’ ಎಂಬಂತಹ ಜೋಡಿ ಅಕ್ಷರಗಳಿರುತ್ತವೆ. ಮೊದಲ ಅಕ್ಷರ ಸಾಮಾನ್ಯ ಶಾಖದಲ್ಲಿ, ಎರಡನೆಯದು ಹೆಚ್ಚು ಕಾದಾಗ, ಆ ವಸ್ತುವಿನ ಘರ್ಷಣಾ ಗುಣಾಂಕ ಎಷ್ಟಿತ್ತು ಎಂಬುದನ್ನು ತಿಳಿಸುತ್ತದೆ. ‘ಇ’ ಎಂದರೆ 0.25ರಿಂದ 0.35, ‘ಎಫ್’ ಎಂದರೆ 0.35ರಿಂದ 0.45, ‘ಜಿ’ ಎಂದರೆ 0.45ರಿಂದ 0.55, ‘ಎಚ್’ ಎಂದರೆ 0.55ಕ್ಕಿಂತ ಹೆಚ್ಚು. ಸಂಖ್ಯೆ ಹೆಚ್ಚಿದಷ್ಟೂ ಹಿಡಿತ ಹೆಚ್ಚು. ಎರಡೂ ಅಕ್ಷರ ಒಂದೇ ಇದ್ದರೆ ಕಾದ ಮೇಲೂ ಹಿಡಿತ ಹೆಚ್ಚು ಬದಲಾಗುವುದಿಲ್ಲ ಎಂದು ತಿಳಿಯಬಹುದು. ‘ಜಿಎಫ್’ ಎಂದಿದ್ದರೆ ಕಾದಾಗ ಸ್ವಲ್ಪ ಇಳಿಯುತ್ತದೆ. ಘಾಟಿಯಲ್ಲಿ ಓಡಾಡುವವರು ಮೊದಲ ಅಕ್ಷರಕ್ಕಿಂತ ಎರಡನೆಯದನ್ನು ಗಮನಿಸಬೇಕು.

ಈ ಅಕ್ಷರಗಳಿಗೂ ಮಿತಿಯಿದೆ. ಪ್ಯಾಡಿನ ವಸ್ತುವಿನ ಒಂದು ಚಿಕ್ಕ ತುಂಡನ್ನು ಪ್ರಯೋಗಾಲಯದಲ್ಲಿ ತಿರುಗುವ ಡ್ರಮ್ಮಿಗೆ ಉಜ್ಜಿ ಪಡೆದ ಫಲಿತಾಂಶವಿದು. ಅದು ನಮ್ಮ ಬೈಕಿನ ಡಿಸ್ಕಿನ ಮೇಲೆ ಪಡೆದದ್ದಲ್ಲ. ಪ್ಯಾಡ್ ಎಷ್ಟು ದಿನ ಬಾಳುತ್ತದೆ, ಮಳೆಯಲ್ಲಿ ಹೇಗೆ ವರ್ತಿಸುತ್ತದೆ, ಡಿಸ್ಕನ್ನು ಎಷ್ಟು ತಿನ್ನುತ್ತದೆ ಎಂಬುದನ್ನು ಅದು ಹೇಳುವುದಿಲ್ಲ. ‘ಎಚ್‌ಎಚ್’ ಎಂದಿದ್ದ ಮಾತ್ರಕ್ಕೆ ಅದು ಸಿಂಟರ್ಡ್ ಎಂದೂ ತೀರ್ಮಾನಿಸಬಾರದು.

ಯಾವ ದಾರಿಗೆ ಯಾವುದು?

ಬೆಂಗಳೂರಿನ ಟ್ರಾಫಿಕ್ಕಿನಲ್ಲಿ ಬ್ರೇಕ್ ಹಿಡಿಯುವುದು ಪದೇ ಪದೇ ಆದರೂ ವೇಗ ಕಡಿಮೆ. ಶಾಖ ಅಷ್ಟಾಗಿ ಏರುವುದಿಲ್ಲ. ಇಂತಹ ಓಡಾಟಕ್ಕೆ ಕಂಪನಿ ಕೊಟ್ಟ ಬಗೆಯ ಆರ್ಗ್ಯಾನಿಕ್ ಪ್ಯಾಡೇ ಸಾಕು, ಹೆಚ್ಚಿನದೇನನ್ನು ಹಾಕಿದರೂ ಹಣ ದಂಡ ಎಂಬುದು ಈ ಲೇಖಕನ ಅಭಿಪ್ರಾಯ. ವಾರಕ್ಕೊಮ್ಮೆ ಚಾರ್ಮಾಡಿ ಅಥವಾ ಆಗುಂಬೆ ಘಾಟಿ ಇಳಿಯುವವರ ಮಾತು ಬೇರೆ. ಹಿಂಬದಿಯಲ್ಲಿ ಒಬ್ಬರನ್ನು ಕೂರಿಸಿಕೊಂಡು, ಸಾಮಾನು ಹೇರಿಕೊಂಡು, ಒಂದರ ಹಿಂದೆ ಒಂದು ತಿರುವಿನಲ್ಲಿ ಬ್ರೇಕ್ ಹಿಡಿಯುತ್ತ ಇಳಿಯುವಾಗ ಡಿಸ್ಕಿಗೆ ತಣಿಯಲು ಬಿಡುವೇ ಸಿಗುವುದಿಲ್ಲ. ಜೊತೆಗೆ ಮಲೆನಾಡಿನ, ಕರಾವಳಿಯ ಮಳೆಗಾಲ. ಅಂಥವರು ಡಿಸ್ಕಿಗೆ ಒಪ್ಪುವುದಾದರೆ ಸಿಂಟರ್ಡ್, ಇಲ್ಲವಾದರೆ ಎರಡನೆಯ ಅಕ್ಷರ ಚೆನ್ನಾಗಿರುವ ಸೆಮಿ ಮೆಟಾಲಿಕ್ ಆರಿಸಿಕೊಳ್ಳಬಹುದು. ಯಾವ ಪ್ಯಾಡ್ ಇದ್ದರೂ ಇಳಿಜಾರಿನಲ್ಲಿ ಕೆಳಗಿನ ಗೇರಿನಲ್ಲಿಟ್ಟು ಎಂಜಿನ್ ತಡೆಯನ್ನು ಬಳಸಿಕೊಳ್ಳುವುದನ್ನು ಬಿಡಬಾರದು.

ಘಾಟಿಯಲ್ಲಿ ಬ್ರೇಕ್ ಕೈಕೊಟ್ಟಿತೆಂದು ಪ್ಯಾಡ್ ಬದಲಿಸಲು ಬರುವವರು ಒಂದು ವ್ಯತ್ಯಾಸವನ್ನು ನೆನಪಿಸಿಕೊಳ್ಳಬೇಕು. ಲೀವರ್ ಗಟ್ಟಿಯಾಗಿಯೇ ಇದ್ದು, ಸುಟ್ಟ ವಾಸನೆ ಬಂದು, ಎಷ್ಟು ಒತ್ತಿದರೂ ಬೈಕ್ ನಿಲ್ಲದೆ ಹೋಗಿದ್ದರೆ ಕಾದು ಸೋತದ್ದು ಪ್ಯಾಡ್. ಲೀವರ್ ಮೆತ್ತಗಾಗಿ ಹ್ಯಾಂಡಲಿನವರೆಗೂ ಬಂದಿದ್ದರೆ ಕುದಿದದ್ದು ಬ್ರೇಕ್ ಆಯಿಲ್. ಅದು ಗಾಳಿಯ ತೇವವನ್ನು ಹೀರಿಕೊಳ್ಳುವ ಗುಣದ್ದು. ಡಾಟ್ 4 ಎಂಬ ದರ್ಜೆಯ ಬ್ರೇಕ್ ಆಯಿಲ್ ಹೊಸದಿದ್ದಾಗ ಕನಿಷ್ಠ 230 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯಬಾರದು ಎಂಬ ಮಾನದಂಡವಿದ್ದರೆ, ತೇವ ಹೀರಿದ ಮೇಲಿನ ಮಾನದಂಡ 155 ಡಿಗ್ರಿ ಮಾತ್ರ. ಇಂತಹ ಕಡೆ ಪ್ಯಾಡ್ ಬದಲಿಸಿ ಫಲವಿಲ್ಲ, ಆಯಿಲನ್ನೇ ಪೂರ್ತಿ ಬದಲಿಸಬೇಕು. ಎರಡು ವರ್ಷಕ್ಕೊಮ್ಮೆ ಬದಲಿಸಿ ಎಂದು ಹೆಚ್ಚಿನ ಕೈಪಿಡಿಗಳು ಹೇಳುತ್ತವೆ.

ಅಂಗಡಿಯಲ್ಲಿ

ಬೆಂಗಳೂರಿನ ಜೆ.ಸಿ. ರಸ್ತೆಯಂತಹ ಸ್ಪೇರ್ ಪಾರ್ಟ್ಸ್ ಮಾರುಕಟ್ಟೆಯಲ್ಲಿ ಬೈಕ್ ಕಂಪನಿಯ ಪ್ಯಾಡ್, ಹೆಸರುವಾಸಿ ಬಿಡಿಭಾಗ ತಯಾರಕರ ಪ್ಯಾಡ್ ಮತ್ತು ಹೆಸರೇ ಇಲ್ಲದ ಪ್ಯಾಡ್ ಮೂರೂ ಅಕ್ಕಪಕ್ಕದಲ್ಲೇ ಸಿಗುತ್ತವೆ. ಕಂಪನಿಯದಲ್ಲದ್ದೆಲ್ಲ ಕಳಪೆಯಲ್ಲ, ಬ್ರೇಕಿನ ವಸ್ತುಗಳನ್ನೇ ಕಸುಬಾಗಿ ಮಾಡಿಕೊಂಡ ತಯಾರಕರು ಚೆನ್ನಾಗಿಯೇ ಮಾಡುತ್ತಾರೆ. ತಪ್ಪಿಸಿಕೊಳ್ಳಬೇಕಾದದ್ದು ನಕಲಿಯಿಂದ ಮತ್ತು ಅನಾಮಧೇಯದಿಂದ. ಪೊಟ್ಟಣದ ಮೇಲೆ ತಯಾರಕರ ಹೆಸರು ಮತ್ತು ವಿಳಾಸ, ತಯಾರಾದ ತಿಂಗಳು ಮತ್ತು ವರ್ಷ, ಎಂಆರ್‌ಪಿ, ಗ್ರಾಹಕರ ದೂರಿಗೆ ಸಂಪರ್ಕ ಇರಲೇಬೇಕೆಂದು ಪೊಟ್ಟಣ ಸಾಮಗ್ರಿಗಳ ನಿಯಮ ಹೇಳುತ್ತದೆ. ಇವುಗಳಲ್ಲಿ ಒಂದಿಲ್ಲದಿದ್ದರೂ ಅದನ್ನು ಮುಟ್ಟದಿರುವುದು ಒಳ್ಳೆಯದು. ಆಸ್ಬೆಸ್ಟಾಸ್ ರಹಿತ ಎಂದು ಬರೆದಿರುವುದನ್ನೂ ನೋಡಿ. ಆ ನಾರಿನ ದೂಳು ಶ್ವಾಸಕೋಶಕ್ಕೆ ಮಾರಕ. ಪೊಟ್ಟಣ ಬಿಚ್ಚಿಸಿ, ತಟ್ಟೆ ಮತ್ತು ಪದರ ಸೇರುವ ಅಂಚಿನಲ್ಲಿ ಬಿರುಕಾಗಲಿ, ಎದ್ದ ಪದರವಾಗಲಿ ಇಲ್ಲವೆಂದು ಖಚಿತಪಡಿಸಿಕೊಂಡು ಬಿಲ್ ಪಡೆಯಬೇಕು. ಪ್ಯಾಡುಗಳನ್ನು ಯಾವಾಗಲೂ ಜೋಡಿಯಾಗಿಯೇ ಬದಲಿಸಬೇಕು. ಮುಂದಿನ ಚಕ್ರದಲ್ಲಿ ಎರಡು ಡಿಸ್ಕುಗಳಿದ್ದರೆ ಎರಡಕ್ಕೂ ಒಂದೇ ತಯಾರಕರ ಒಂದೇ ಬಗೆಯ ಪ್ಯಾಡ್ ಬೇಕು.

ಹಾಕಿದ ಮೇಲೆ

ಪಿಸ್ಟನ್ನನ್ನು ಒರೆಸಿ ಶುಚಿ ಮಾಡದೆ ಹಿಂದಕ್ಕೆ ಒತ್ತಿದರೆ ಅದಕ್ಕಂಟಿದ ಕೊಳೆ ರಬ್ಬರ್ ಸೀಲನ್ನು ಕೆಡಿಸುತ್ತದೆ. ಕೆಲಸವನ್ನು ಮೆಕ್ಯಾನಿಕ್ ಮಾಡುತ್ತಿದ್ದರೂ ಇದನ್ನು ಕೇಳಿ ಮಾಡಿಸಿಕೊಳ್ಳಿ. ಡಿಸ್ಕನ್ನು ಬ್ರೇಕ್ ಕ್ಲೀನರಿನಿಂದ ಒರೆಸಬೇಕು, ಡೀಸೆಲ್ ಅಥವಾ ಸೀಮೆಎಣ್ಣೆಯಿಂದ ಖಂಡಿತ ಕೂಡದು. ಎಣ್ಣೆ ತಾಗಿದ ಪ್ಯಾಡನ್ನು ಉಜ್ಜಿ ಸರಿಪಡಿಸಲು ಹೋಗದೆ ಬದಲಿಸಿಬಿಡಬೇಕು. ಬೋಲ್ಟುಗಳನ್ನು ಕೈಪಿಡಿಯಲ್ಲಿ ಹೇಳಿದ ಬಿಗಿತಕ್ಕೆ ತಂದು, ಬೈಕ್ ಹೊರಡಿಸುವ ಮೊದಲು ಲೀವರ್ ಗಟ್ಟಿಯಾಗುವವರೆಗೆ ಹಲವು ಸಲ ಒತ್ತಲೇಬೇಕು. ಪಿಸ್ಟನ್ ಹಿಂದೆ ಸರಿದಿರುವುದರಿಂದ ಮೊದಲ ಒತ್ತಿಗೆ ಬ್ರೇಕ್ ಹಿಡಿಯುವುದೇ ಇಲ್ಲ, ಅಂಗಡಿಯ ಬಾಗಿಲಲ್ಲೇ ಬೈಕ್ ಎದುರಿನ ವಾಹನಕ್ಕೆ ಗುದ್ದಬಹುದು.

ಹೊಸ ಪ್ಯಾಡ್ ಡಿಸ್ಕಿಗೆ ಪೂರ್ತಿ ಒಪ್ಪಿಕೊಳ್ಳಲು ಕೆಲವು ನೂರು ಕಿಲೋಮೀಟರ್ ಹಿಡಿಯುತ್ತದೆ. ಅಲ್ಲಿಯವರೆಗೆ ಬ್ರೇಕ್ ಎಂದಿಗಿಂತ ದೂರದಲ್ಲಿ ಬೈಕನ್ನು ನಿಲ್ಲಿಸುತ್ತದೆ ಎಂಬ ಲೆಕ್ಕದಲ್ಲೇ ಓಡಿಸಬೇಕು. ಖಾಲಿ ರಸ್ತೆಯಲ್ಲಿ ಮಧ್ಯಮ ವೇಗದಿಂದ, ಪೂರ್ತಿ ನಿಲ್ಲಿಸದೆ, ಹದವಾಗಿ ಬ್ರೇಕ್ ಹಿಡಿದು ಬಿಟ್ಟು, ನಡುವೆ ಡಿಸ್ಕ್ ತಣಿಯಲು ಬಿಡುತ್ತ ಹಲವು ಸಲ ಮಾಡಿದರೆ ಪ್ಯಾಡ್ ಬೇಗ ಒಪ್ಪಿಕೊಳ್ಳುತ್ತದೆ. ಈ ಅವಧಿಯಲ್ಲಿ ಅನಗತ್ಯವಾಗಿ ಜೋರಾಗಿ ಒತ್ತುವುದಾಗಲಿ, ಕಾದ ಡಿಸ್ಕಿನ ಮೇಲೆ ಬ್ರೇಕ್ ಹಿಡಿದುಕೊಂಡೇ ನಿಂತಿರುವುದಾಗಲಿ ಸಲ್ಲದು. ಹಾಗೆ ಮಾಡಿದರೆ ಪ್ಯಾಡಿನ ಮೇಲ್ಮೈ ಗಾಜಿನಂತೆ ನುಣುಪಾಗಿ ಹಿಡಿತ ಕಳೆದುಕೊಳ್ಳುತ್ತದೆ. ಕೆಲವು ದಿನ ಓಡಿಸಿದ ಬಳಿಕ ಕ್ಯಾಲಿಪರಿನ ಬೋಲ್ಟುಗಳನ್ನು ಇನ್ನೊಮ್ಮೆ ನೋಡಿಕೊಂಡು, ಪೊಟ್ಟಣದ ಮೇಲಿನ ಪಾರ್ಟ್ ನಂಬರನ್ನು ಸರ್ವೀಸ್ ಪುಸ್ತಕದಲ್ಲಿ ಬರೆದಿಟ್ಟರೆ ಮುಂದಿನ ಸಲ ಹಳೆಯ ಪ್ಯಾಡ್ ಬಿಚ್ಚಿ ಅಂಗಡಿಗೆ ಒಯ್ಯುವ ಕೆಲಸ ತಪ್ಪುತ್ತದೆ.