‘ಈ ದುಡ್ಡು ಎಲ್ಲಿಂದ ಬಂತು?’: ವ್ಯಾಂಕೂವರ್‌ಗೆ ಹೊಸದಾಗಿ ಬಂದ ಕನ್ನಡಿಗರಿಗೆ

ವ್ಯಾಂಕೂವರ್‌ಗೆ ಬಂದ ಮೊದಲ ತಿಂಗಳಲ್ಲೇ ಒಂದು ವಿಷಯ ಗಮನಕ್ಕೆ ಬರುತ್ತದೆ. ಯಾವ ಕೌಂಟರಿನಲ್ಲೂ ಯಾರೂ ಕೈ ಬಿಸಿ ಮಾಡಿ ಅನ್ನುವುದಿಲ್ಲ. ಲೈಸೆನ್ಸಿಗೆ ಏಜೆಂಟ್ ಬೇಡ, ಮನೆ ನೋಂದಣಿಗೆ ಸಬ್ ರಿಜಿಸ್ಟ್ರಾರ್ ಕಚೇರಿ ಮುಂದೆ ಇಡೀ ದಿನ ನಿಲ್ಲಬೇಕಿಲ್ಲ. ಹಾಗಂತ ಊರು ಶುದ್ಧ ಅಂದುಕೊಂಡರೆ ತಪ್ಪು. ಇಲ್ಲಿ ಕಪ್ಪುಹಣ ಮೇಜಿನ ಕೆಳಗಿಂದ ಹೋಗಲಿಲ್ಲ, ಮೇಜಿನ ಮೇಲೆಯೇ ಲೆಕ್ಕ ಬರೆಸಿಕೊಂಡು ಹೋಯಿತು.

ಜಾಗ ಕ್ಯಾಸಿನೊ. 20 ಡಾಲರಿನ ನೋಟುಗಳನ್ನು ರಬ್ಬರ್ ಬ್ಯಾಂಡ್ ಹಾಕಿ ಕಟ್ಟುಕಟ್ಟಾಗಿ ಚೀಲದಲ್ಲಿ ತುಂಬಿ ತರುತ್ತಿದ್ದರು. 20ರ ನೋಟೇ ಯಾಕೆಂದರೆ ಬೀದಿಯಲ್ಲಿ ಮಾದಕ ವಸ್ತು ಮಾರಾಟವಾಗುವುದು ಅದರಲ್ಲೇ. 2014ರ ಒಂದೇ ವರ್ಷದಲ್ಲಿ ಬ್ರಿಟಿಷ್ ಕೊಲಂಬಿಯಾ ಪ್ರಾಂತದ ಕ್ಯಾಸಿನೊಗಳು 10,000 ಡಾಲರ್ ಮೇಲ್ಪಟ್ಟ ನಗದು ವ್ಯವಹಾರಗಳಲ್ಲಿ ಸುಮಾರು 120 ಕೋಟಿ ಡಾಲರ್ ತೆಗೆದುಕೊಂಡವು. ಒಂದು ಲಕ್ಷ ಡಾಲರ್ ಅಥವಾ ಅದಕ್ಕೂ ಹೆಚ್ಚು ನಗದು ಒಮ್ಮೆಗೇ ತಂದದ್ದು 1,881 ಸಲ, ಅಂದರೆ ದಿನಕ್ಕೆ ಐದಕ್ಕೂ ಹೆಚ್ಚು. ನ್ಯಾಯಮೂರ್ತಿ ಆಸ್ಟಿನ್ ಕಲ್ಲೆನ್ ಆಯೋಗ 2022ರ ಜೂನ್‌ನಲ್ಲಿ ಕೊಟ್ಟ ವರದಿಯಲ್ಲಿ ಇದೆಲ್ಲ ಇದೆ. ಜೂಜಿನ ವ್ಯವಹಾರದಲ್ಲಿ ಅಧಿಕಾರದಲ್ಲಿದ್ದವರು ಲಂಚ ತಿಂದದ್ದಕ್ಕೆ ಆಯೋಗಕ್ಕೆ ಸಾಕ್ಷ್ಯ ಸಿಗಲಿಲ್ಲ. ಸಿಕ್ಕಿದ್ದು, ಗೊತ್ತಿದ್ದೂ ಸಾಕಷ್ಟು ಮಾಡಲಿಲ್ಲ ಎಂಬುದು. ಕ್ಯಾಸಿನೊ ಆದಾಯ ಸರ್ಕಾರದ ಖಜಾನೆಗೂ ಹೋಗುತ್ತಿತ್ತು ಎನ್ನುವುದನ್ನು ಜೊತೆಗಿಟ್ಟುಕೊಂಡು ಓದಿ.

ಚೀಲದ ಹಿಂದಿನ ವ್ಯವಸ್ಥೆ ನಮಗೆ ಹೊಸದಲ್ಲ, ಹವಾಲಾವೇ. ಚೀನಾದ ಶ್ರೀಮಂತನಿಗೆ ತನ್ನ ದೇಶದಿಂದ ವರ್ಷಕ್ಕೆ 50,000 ಅಮೆರಿಕನ್ ಡಾಲರಿಗಿಂತ ಹೆಚ್ಚು ಹೊರಗೆ ಕಳಿಸಲು ಅಡ್ಡಿ. ಅವನು ಅಲ್ಲೇ ಯುವಾನ್ ಕೊಡುತ್ತಾನೆ, ಇಲ್ಲಿ ರಿಚ್ಮಂಡ್‌ನಲ್ಲಿ ಮಾದಕ ವಸ್ತು ದಂಧೆಯವರ ನಗದು ಅವನ ಕೈಗೆ ಬರುತ್ತದೆ. ಜೂಜಾಡಿ ಉಳಿದದ್ದನ್ನು ಮನೆಗೋ ಕಾರಿಗೋ ಹಾಕುತ್ತಾನೆ. ದಂಧೆಯವರಿಗೆ ಅವರ ಪಾಲು ಚೀನಾದಲ್ಲಿ ಸಿಗುತ್ತದೆ. ಗಡಿ ದಾಟಿದ್ದು ಒಂದು ನೋಟೂ ಇಲ್ಲ. ‘ವ್ಯಾಂಕೂವರ್ ಮಾದರಿ’ ಎಂಬ ಹೆಸರು ಇದಕ್ಕೇ ಬಂದದ್ದು. 2018ರ ಜನವರಿಯಿಂದ 10,000 ಡಾಲರ್ ನಗದು ತಂದವರು ಮೂಲ ತೋರಿಸಬೇಕು ಅಂದದ್ದೇ ತಡ, ಚೀಲಗಳು ಕಾಣೆಯಾದವು. ಕೇಳುವುದು ಅಷ್ಟು ಸುಲಭವಿತ್ತು.

ನಿಮಗೆ ಇದರ ಸಂಬಂಧ ಏನು? ‘ಬ್ಯಾಂಕಿಗಿಂತ ಒಳ್ಳೆ ರೇಟ್ ಕೊಡಿಸ್ತೀನಿ, ಇಲ್ಲಿ ಡಾಲರ್ ಕೊಡಿ, ಸಂಜೆಯೊಳಗೆ ಊರಲ್ಲಿ ರೂಪಾಯಿ ಬೀಳುತ್ತೆ’ ಅನ್ನುವವರು ನಿಮಗೂ ಸಿಗುತ್ತಾರೆ. ದಾವಣಗೆರೆಯಲ್ಲಿರುವ ಅಪ್ಪನ ಖಾತೆಗೆ ಗುರುತಿಲ್ಲದ ಮೂರು ಹೆಸರುಗಳಿಂದ ದುಡ್ಡು ಬಂದು ಬೀಳುತ್ತದೆ. ಆ ಮೂವರಲ್ಲಿ ಒಬ್ಬರು ಸೈಬರ್ ವಂಚನೆಗೆ ಸಿಕ್ಕಿ 1930ಕ್ಕೆ ದೂರು ಕೊಟ್ಟಿದ್ದರೆ, ಅಪ್ಪನ ಪಿಂಚಣಿ ಖಾತೆ ಸ್ತಂಭಿತ. ಬಿಡಿಸಿಕೊಳ್ಳಲು ಯಾವುದೋ ರಾಜ್ಯದ ಠಾಣೆಗೆ ಅಲೆಯಬೇಕಾದೀತು. ಉಳಿದ ನಾಲ್ಕು ಕಾಸಿಗೆ ಇದು ಬೇಕೇ?

ವಿದ್ಯಾರ್ಥಿಗಳಿಗೆ ಬರುವ ಆಮಿಷ ಬೇರೆ: ‘ನಿನ್ನ ಖಾತೆಗೆ ಇ-ಟ್ರಾನ್ಸ್‌ಫರ್ ಬರುತ್ತೆ, 10% ಇಟ್ಟುಕೊಂಡು ಮುಂದಕ್ಕೆ ಕಳಿಸು.’ ಕೆಲಸದ ಜಾಹೀರಾತಿನ ವೇಷದಲ್ಲೂ ಬರುತ್ತದೆ. ಊರಿಗೆ ವಾಪಸ್ ಹೋಗುವವರು ಹಳೆಯ ಡೆಬಿಟ್ ಕಾರ್ಡನ್ನು ಪಿನ್ ಸಮೇತ ಮಾರುವುದೂ ಇದೇ ಜಾತಿ. ‘ನನಗೆ ಗೊತ್ತಿರಲಿಲ್ಲ’ ಅಂದರೆ ಸಾಲದು. 2019ರಿಂದ ಅಪಾಯ ಗೊತ್ತಿದ್ದೂ ಲೆಕ್ಕಿಸದಿರುವುದು ಅಕ್ರಮ ಹಣ ಸಾಗಣೆಯ ಅಪರಾಧದೊಳಗೇ ಬರುತ್ತದೆ, ಗರಿಷ್ಠ ಶಿಕ್ಷೆ 10 ವರ್ಷ. ವೀಸಾ ಕಥೆ ಆಮೇಲೆ.

10,000 ಡಾಲರಿನ ಗೆರೆ ಬಗ್ಗೆ ಅನಗತ್ಯ ಭಯ ಬಹಳ ಜನಕ್ಕಿದೆ. ಅಷ್ಟು ನಗದು ಕಟ್ಟಿದರೆ, ಅಥವಾ ಹೊರದೇಶದಿಂದ ಅಷ್ಟು ಬಂದರೆ, ಬ್ಯಾಂಕು ಅಕ್ರಮ ಹಣದ ಮೇಲೆ ಕಣ್ಣಿಡುವ ಫಿನ್‌ಟ್ರ್ಯಾಕ್ ಎಂಬ ಸರ್ಕಾರಿ ಸಂಸ್ಥೆಗೆ ವರದಿ ಮಾಡುತ್ತದೆ. ಅದು ದೂರಲ್ಲ, ದಾಖಲೆ. ಅದನ್ನು ತಪ್ಪಿಸಲು 9,500, 9,000 ಅಂತ ಒಡೆದು ಕಟ್ಟುವುದು ಮಾತ್ರ ಅಪರಾಧ. 24 ಗಂಟೆಯೊಳಗಿನ ಕಂತುಗಳನ್ನು ಹೇಗೂ ಕೂಡಿಸಿ ನೋಡುತ್ತಾರೆ. ವಿಮಾನದಲ್ಲಿ ತರುವಾಗಲೂ ಅಷ್ಟೇ, ಘೋಷಿಸಿದರೆ ತೆರಿಗೆಯಿಲ್ಲ, ಮುಚ್ಚಿಟ್ಟರೆ ಜಪ್ತಿ.

ಈಗ ಮನೆ. 2018ರಲ್ಲಿ ಪ್ರಾಂತದ ಆಸ್ತಿ ವ್ಯವಹಾರದಲ್ಲಿ 500 ಕೋಟಿ ಡಾಲರಿನಷ್ಟು ಕೊಳಕು ಹಣ ಸೇರಿತೆಂದೂ ಅದರಿಂದ ಬೆಲೆ ಸುಮಾರು 5% ಏರಿತೆಂದೂ ಸರ್ಕಾರದ ತಜ್ಞರ ಸಮಿತಿ ಅಂದಾಜು ಮಾಡಿತ್ತು. ಅಂದಾಜು ಅಷ್ಟೇ, ಇಲ್ಲಿನ ಬೆಲೆಯ ಪಾಪವನ್ನೆಲ್ಲ ದಂಧೆಯ ತಲೆಗೆ ಕಟ್ಟುವುದು ಅತಿಯಾಯಿತು. ಆದರೆ ಆ ಸಿಟ್ಟಿನಲ್ಲಿ ಬಂದ ನಿಯಮಗಳು ಹೊಸಬರ ಮೇಲೆ ಬೀಳುತ್ತವೆ.

ದೊಡ್ಡ ಗುಂಡಿ ಇದು. ಕನಿಷ್ಠ 183 ದಿನ ಬಾಕಿಯಿರುವ ವರ್ಕ್ ಪರ್ಮಿಟ್ ಇದ್ದರೆ ಒಂದು ಮನೆ ಕೊಳ್ಳಲು, ವಿದೇಶಿಯರು ಮನೆ ಕೊಳ್ಳಬಾರದೆಂಬ ಒಕ್ಕೂಟ ಸರ್ಕಾರದ ನಿಷೇಧ ಅಡ್ಡಬರುವುದಿಲ್ಲ. ಬ್ರೋಕರ್ ‘ನೀವು ಕೊಳ್ಳಬಹುದು’ ಅನ್ನುತ್ತಾನೆ, ಸುಳ್ಳಲ್ಲ. ಆದರೆ ಪಿಆರ್ (ಕಾಯಂ ನಿವಾಸದ ಹಕ್ಕು) ಇಲ್ಲದವರಿಗೆ ಪ್ರಾಂತದ 20% ಹೆಚ್ಚುವರಿ ವರ್ಗಾವಣೆ ತೆರಿಗೆ ಬೇರೆಯೇ ಇದೆ. 8 ಲಕ್ಷದ ಅಪಾರ್ಟ್‌ಮೆಂಟಿಗೆ 1,60,000 ಡಾಲರ್, ನೋಂದಣಿಯ ದಿನವೇ. ಪಿಆರ್‌ಗಾಗಿ ಪ್ರಾಂತ ಕೊಡುವ ನಾಮನಿರ್ದೇಶನ ಪತ್ರ ಕೈಯಲ್ಲಿದ್ದವರಿಗೆ ವಿನಾಯಿತಿ ಇದೆ. ಒಂದು ವರ್ಷದೊಳಗೆ ಪಿಆರ್ ಬಂದು ಅದೇ ಮನೆಯಲ್ಲಿ ವಾಸವಿದ್ದರೆ ವಾಪಸ್ ಕೇಳಬಹುದು. ಅಲ್ಲಿಯವರೆಗೆ ಬಾಡಿಗೆಯೇ ವಾಸಿ. ಬಾಡಿಗೆಯ ಠೇವಣಿ ಅರ್ಧ ತಿಂಗಳಿನದಕ್ಕಿಂತ ಹೆಚ್ಚು ಕೇಳುವಂತಿಲ್ಲ. ಬೆಂಗಳೂರಿನ ಹತ್ತು ತಿಂಗಳ ಅಡ್ವಾನ್ಸ್ ನೆನಪಿನಲ್ಲಿ ಮನೆ ನೋಡದೆಯೇ ದುಡ್ಡು ಕಳಿಸಬೇಡಿ.

‘ವೈಟ್ ಎಷ್ಟು, ಬ್ಲ್ಯಾಕ್ ಎಷ್ಟು’ ಎನ್ನುವ ನಮ್ಮ ಅಭ್ಯಾಸ ಕೈಕೊಡುವುದು ಮನೆ ಕೊಳ್ಳುವಾಗಿನ ಮುಂಗಡ ಹಣದಲ್ಲಿ. ಸಾಲ ಕೊಡುವವರು 90 ದಿನದ ಖಾತೆ ವಿವರ ಕೇಳುತ್ತಾರೆ. ಮೈಸೂರಿನ ಸೈಟು ಮಾರಿದ ದುಡ್ಡಾದರೆ ಕ್ರಯಪತ್ರದಲ್ಲಿರುವ ಮೊತ್ತಕ್ಕೆ ಮಾತ್ರ ಬೆಲೆ. ಬ್ಲ್ಯಾಕಿನಲ್ಲಿ ಬಂದ ಭಾಗ ಇಲ್ಲಿಗೆ ಬರುವುದೇ ಇಲ್ಲ, ಬಂದರೆ ಹವಾಲಾದಲ್ಲೇ ಬರಬೇಕು, ಮತ್ತೆ ಅದೇ ಚೀಲ. ನೆಟ್ಟಗಿನ ದಾರಿ: ನಿಮ್ಮ ಹೆಸರಿನ ಆಸ್ತಿಯಾದರೆ ಎನ್‌ಆರ್‌ಒ ಖಾತೆ (ಹೊರದೇಶದಲ್ಲಿರುವವರ ಭಾರತದ ಖಾತೆ), ಸಿಎ ಕೈಯಿಂದ ತೆರಿಗೆ ಪ್ರಮಾಣಪತ್ರ (ಹಿಂದಿನ ಹೆಸರು 15ಸಿಬಿ), ಆಮೇಲೆ ನಿಮ್ಮ ಘೋಷಣೆ (ಹಿಂದಿನ 15ಸಿಎ), ಆರ್ಥಿಕ ವರ್ಷಕ್ಕೆ ಹತ್ತು ಲಕ್ಷ ಅಮೆರಿಕನ್ ಡಾಲರ್ ಮಿತಿ. ಅಪ್ಪ ಅಮ್ಮ ಕೊಡುವುದಾದರೆ ವರ್ಷಕ್ಕೆ ತಲಾ 2,50,000 ಅಮೆರಿಕನ್ ಡಾಲರ್, ಜೊತೆಗೆ ಉಡುಗೊರೆ ಪತ್ರ. 10 ಲಕ್ಷ ರೂಪಾಯಿ ದಾಟಿದ ಮೊತ್ತಕ್ಕೆ 20% ಟಿಸಿಎಸ್ (ಬ್ಯಾಂಕೇ ಮುಂಚಿತವಾಗಿ ಹಿಡಿಯುವ ತೆರಿಗೆ) ಕಡಿಯುತ್ತಾರೆ. ಅದು ಕಳೆದುಹೋದ ದುಡ್ಡಲ್ಲ, ಅಪ್ಪನ ರಿಟರ್ನ್ಸ್‌ನಲ್ಲಿ ಹೊಂದಿಸಿಕೊಳ್ಳಬಹುದು. ಮಾತುಕತೆ ಮುಗಿಯುವ ಮೂರು ತಿಂಗಳ ಮೊದಲೇ ದುಡ್ಡು ಇಲ್ಲಿನ ಖಾತೆಯಲ್ಲಿ ಕೂತಿರಲಿ.

ಮನೆ ಕೊಂಡವರು ಪ್ರತಿವರ್ಷ ಮಾರ್ಚ್ 31ರೊಳಗೆ ಸ್ಪೆಕ್ಯುಲೇಶನ್ ತೆರಿಗೆಯ (ಖಾಲಿ ಬಿಟ್ಟ ಮನೆಗಳಂಥವುಗಳ ಮೇಲೆ ಪ್ರಾಂತ ಹಾಕುವ ತೆರಿಗೆ) ಘೋಷಣೆ ಮಾಡಬೇಕು, ಗಂಡ ಹೆಂಡತಿ ಇಬ್ಬರೂ ಮಾಲೀಕರಾಗಿದ್ದರೆ ಪ್ರತ್ಯೇಕವಾಗಿ. ಒಬ್ಬರು ಬೆಂಗಳೂರಿನಲ್ಲೇ ದುಡಿಯುತ್ತ ಸಂಸಾರದ ಹೆಚ್ಚಿನ ಆದಾಯ ಕೆನಡಾದ ತೆರಿಗೆ ಲೆಕ್ಕಕ್ಕೆ ಬಾರದಿದ್ದರೆ ದರವೇ ಬೇರೆ, ಕೊಳ್ಳುವ ಮೊದಲೇ ಲೆಕ್ಕಿಗರನ್ನು ಕೇಳಿ. ವ್ಯಾಂಕೂವರ್ ನಗರದ ಖಾಲಿ ಮನೆ ತೆರಿಗೆಯ ಘೋಷಣೆ ಮತ್ತೊಂದು.

ಇನ್ನು ಮಾದಕ ವಸ್ತು. ಇದು ನಿನ್ನೆ ಮೊನ್ನೆಯ ಕಥೆಯಲ್ಲ. 1907ರಲ್ಲಿ ಏಷ್ಯನ್ನರ ವಿರುದ್ಧ ಗಲಭೆಯಾದಾಗ ನಷ್ಟದ ಲೆಕ್ಕ ಹಾಕಲು ಬಂದ ಸರ್ಕಾರಿ ಅಧಿಕಾರಿ (ನಂತರ ಪ್ರಧಾನಿ) ಮೆಕೆಂಜಿ ಕಿಂಗ್ ಮುಂದೆ ಅಫೀಮು ತಯಾರಕರೂ ಪರಿಹಾರ ಕೇಳಿ ನಿಂತರು. ಆಗ ಅದು ಕಾನೂನುಬದ್ಧ ವ್ಯಾಪಾರ. ಮರುವರ್ಷವೇ ಅಫೀಮು ಕಾಯ್ದೆ ಬಂತು. ಈಗ ಅಫೀಮಿನ ಜಾತಿಯದೇ ಕೃತಕ ಮಾದಕ ವಸ್ತು ಫೆಂಟನಿಲ್. 2016ರ ಏಪ್ರಿಲ್‌ನಿಂದ ಪ್ರಾಂತದಲ್ಲಿ ಆರೋಗ್ಯ ತುರ್ತುಸ್ಥಿತಿ ಇದೆ, 2023ರಲ್ಲಿ 2,500ಕ್ಕೂ ಹೆಚ್ಚು ಜನ ಸತ್ತರು. ಹೇಸ್ಟಿಂಗ್ಸ್ ಮತ್ತು ಮೇನ್ ರಸ್ತೆ ಕೂಡುವ ಕಡೆ ಬಸ್ಸಿನಲ್ಲಿ ಹೋದರೆ ಕಿಟಕಿಯಲ್ಲೇ ಕಾಣುತ್ತದೆ. ಫೋನ್ ಎತ್ತಿ ವಿಡಿಯೊ ಮಾಡಬೇಡಿ. ಅಲ್ಲಿರುವವರು ದಂಧೆಯ ಮಾಲೀಕರಲ್ಲ.

ಫೆಂಟನಿಲ್‌ನಂಥದ್ದು ಮಿತಿಮೀರಿ ನಿಂತ ಉಸಿರನ್ನು ಮರಳಿಸುವ ಔಷಧಿ ನ್ಯಾಲೊಕ್ಸೋನ್. ಅದರ ಕಿಟ್ ಬಹಳಷ್ಟು ಔಷಧಿ ಅಂಗಡಿಗಳಲ್ಲಿ ಉಚಿತ, ಬಳಸುವುದನ್ನೂ ತೋರಿಸಿಕೊಡುತ್ತಾರೆ. ಒಂದು ಚೀಲದಲ್ಲಿರಲಿ. ಕರೆದರೂ ಅಲುಗಾಡಿಸಿದರೂ ಏಳದವರು, ತುಟಿ ನೀಲಿ, ಗೊರಕೆಯಂಥ ಸದ್ದು: ಮೊದಲು 911. ಕಾಯುವಾಗ ಐದು ಸೆಕೆಂಡಿಗೊಂದರಂತೆ ಬಾಯಿಂದ ಉಸಿರು ಕೊಡಿ, ಮುಖವಾಡ ಕಿಟ್‌ನಲ್ಲೇ ಇದೆ. ಆಂಪ್ಯೂಲಿನ ಕತ್ತು ಮುರಿದು ಔಷಧಿಯಷ್ಟನ್ನೂ ಎಳೆದುಕೊಂಡು ತೊಡೆಗೆ ನೇರವಾಗಿ ಚುಚ್ಚಿ, ಪ್ಯಾಂಟ್ ಬಿಚ್ಚಬೇಕಿಲ್ಲ. 3–5 ನಿಮಿಷಕ್ಕೂ ಉಸಿರು ಮರಳದಿದ್ದರೆ ಇನ್ನೊಂದು. ಹಲವರು ತಪ್ಪುವುದು ಇಲ್ಲಿ: ಉಸಿರು ಸರಿಯಾದರೂ ವ್ಯಕ್ತಿ ಏಳಲಿಲ್ಲ ಅಂತ ಮತ್ತೆ ಮತ್ತೆ ಚುಚ್ಚುತ್ತಾರೆ. ಬೀದಿಯ ಸರಕಿನಲ್ಲಿ ನಿದ್ದೆಯ ಔಷಧಿ ಬೆರೆತಿರುತ್ತದೆ, ಅದಕ್ಕೆ ನ್ಯಾಲೊಕ್ಸೋನ್ ನಾಟುವುದಿಲ್ಲ. ಬೇಕಿರುವುದು ಉಸಿರು, ಎಚ್ಚರವಲ್ಲ. ಔಷಧಿಯ ಬಲ ಒಂದು ಗಂಟೆಯ ಆಸುಪಾಸಿನಲ್ಲಿ ಇಳಿಯುವುದರಿಂದ ಆಂಬುಲೆನ್ಸ್ ಬರುವವರೆಗೆ ಅಲ್ಲೇ ಇರಿ. ಕಿಟ್ ಮೇಲಿನ ಅವಧಿ ಮುಗಿದಿದ್ದರೆ ಅಂಗಡಿಗೆ ಒಯ್ದು ಹೊಸದು ಕೇಳಿ, ಅದಕ್ಕೂ ದುಡ್ಡಿಲ್ಲ.