ಮೂರು ಭಾನುವಾರ, ಥರ್ಡ್ ಗೇರು: ಡೀಸೆಲ್ ಎಂಜಿನ್ ಮಸಿ ಬಿಡಿಸಿದ ನನ್ನ ಅನುಭವ

ನಂದು 2014ರ ಡೀಸೆಲ್ ಸೆಡಾನ್, ಒಂದು ಲಕ್ಷದ ಇಪ್ಪತ್ತು ಸಾವಿರ ಕಿಲೋಮೀಟರ್ ಓಡಿದೆ. ಮೊದಲೆಲ್ಲ ವಾರಕ್ಕೊಂದ್ಸಲ ಊರಿಗೆ ಹೋಗ್ತಿದ್ದೆ, ಆಮೇಲೆ ಅದು ನಿಂತೋಯ್ತು, ಗಾಡಿಗೆ ಉಳಿದಿದ್ದು ಮನೆಯಿಂದ ಆಫೀಸಿಗೆ ಏಳು ಕಿಲೋಮೀಟರ್, ಅದೂ ಬೆಂಗಳೂರು ಟ್ರಾಫಿಕ್ಕಲ್ಲಿ ಫಸ್ಟು ಸೆಕೆಂಡಲ್ಲೇ ತೆವಳ್ಕೊಂಡು. ಎಂಜಿನ್ ಸರಿಯಾಗಿ ಬಿಸಿ ಆಗೋದ್ರೊಳಗೆ ಪಾರ್ಕಿಂಗ್ ಬಂದಿರತ್ತೆ. ಎರಡು ವರ್ಷ ಹೀಗೇ ನಡೀತು.

ಒಂದಿನ ನೆಲಮಂಗಲದ ಹತ್ರ ಲಾರಿ ಓವರ್‌ಟೇಕ್ ಮಾಡೋಕೆ ಅಂತ ಜೋರಾಗಿ ಒತ್ತಿದೆ, ಗಾಡಿ ಒಂದ್ಸಲ ಮುಂದಕ್ಕೆ ನುಗ್ತು, ತಕ್ಷಣ ಯಾರೋ ಹಿಂದಿಂದ ಹಿಡ್ಕೊಂಡಂಗೆ ಪವರೇ ಹೋಯ್ತು, ಚೆಕ್ ಎಂಜಿನ್ ಲೈಟ್ ಬಂತು. ಲಾರಿ ಪಕ್ಕದಲ್ಲೇ ಇದೆ, ನನ್ನ ಕೈ ನಡುಗ್ತಿತ್ತು. ಹೇಗೋ ಎಡಕ್ಕೆ ತಂದು ನಿಲ್ಲಿಸಿ, ಆಫ್ ಮಾಡಿ ಮತ್ತೆ ಸ್ಟಾರ್ಟ್ ಮಾಡಿದ್ರೆ ಏನೂ ಆಗೇ ಇಲ್ಲ ಅನ್ನೋ ಥರ ಓಡ್ತು. ಮಾರನೇ ವಾರ ಮತ್ತೆ ಹಾಗೇ ಆಯ್ತು.

ಸರ್ವಿಸ್ ಸೆಂಟರಲ್ಲಿ ಟರ್ಬೊ (ಎಕ್ಸಾಸ್ಟ್, ಅಂದ್ರೆ ಎಂಜಿನ್ ಹೊರಗೆ ಬಿಡೋ ಹೊಗೆಯ ಬಲದಲ್ಲಿ ತಿರುಗಿ ಎಂಜಿನ್ನಿಗೆ ಗಾಳಿ ತುಂಬೋ ಭಾಗ) ಹೋಗಿದೆ, ಹೊಸದು ಹಾಕ್ಬೇಕು ಅಂದ್ರು, ಎಸ್ಟಿಮೇಟ್ ನೋಡಿ ವಾಪಸ್ ಬಂದೆ. ಆಮೇಲೆ ಟೆಂಪೋ, ಟ್ಯಾಕ್ಸಿ ರಿಪೇರಿ ಮಾಡೋ ಒಬ್ಬ ಹಳೇ ಮೆಕ್ಯಾನಿಕ್ ಹತ್ರ ಹೋದೆ. ಅವರು ಸ್ಕ್ಯಾನರ್ ಹಾಕಿದ್ರು, ಬಂದಿದ್ದು ಪಿ0234 ಅನ್ನೋ ಕೋಡ್, ಅಂದ್ರೆ ಓವರ್‌ಬೂಸ್ಟ್, ಟರ್ಬೊ ಮಿತಿಗಿಂತ ಜಾಸ್ತಿ ಒತ್ತಡದಲ್ಲಿ ಗಾಳಿ ತುಂಬ್ತಿದೆ ಅಂತ. ಟರ್ಬೊನ ಕೈಯಲ್ಲಿ ಅಲ್ಲಾಡಿಸಿ ನೋಡಿದ್ರು, ಶಾಫ್ಟ್ ಗಟ್ಟಿಯಾಗೇ ಇತ್ತು, ಆಯಿಲ್ ಸೋರಿಕೇನೂ ಇಲ್ಲ. "ಟರ್ಬೊ ಚೆನ್ನಾಗಿದೆ ಸಾರ್, ಒಳಗೆ ಮಸಿಗೆ ವೇನ್ ಅಂಟ್ಕೊಂಡಿದೆ, ಮೊದಲು ಹೈವೇಲಿ ಬಿಟ್ಟು ಹೊಡೀರಿ, ಆಗ್ಲಿಲ್ಲ ಅಂದ್ರೆ ಬಿಚ್ಚೋಣ" ಅಂದ್ರು.

ಹೈವೇಲಿ ಹೊಡೆದ್ರೆ ಮಸಿ ಹೇಗೆ ಹೋಗತ್ತೆ ಅಂತ ನಂಗೆ ಅರ್ಥ ಆಗಿದ್ದು ನಮ್ಮೂರ ಬಚ್ಚಲ ಒಲೆ ನೆನೆಸ್ಕೊಂಡಾಗ. ಹಸಿ ಸೌದೆ ಇಟ್ಟು ಸಣ್ಣ ಉರಿ ಮಾಡಿದ್ರೆ ಹೊಗೆ ತುಂಬತ್ತೆ, ಹಂಡೆ ತಳಕ್ಕೆ ಮಸಿ ಹಿಡಿಯತ್ತೆ, ಮಾಡಿಗೆಲ್ಲ ಇಲ್ಲಣ ಜೋತಾಡತ್ತೆ. ಅದೇ ಒಣ ಸೌದೆ ಹಾಕಿ ಧಗಧಗ ಉರಿಸಿದ್ರೆ ಒಲೆ ಬಾಯಲ್ಲಿರೋ ಮಸಿ ತಾನೇ ಸುಟ್ಟು ಬೂದಿ ಬಣ್ಣಕ್ಕೆ ತಿರುಗತ್ತೆ. ಡೀಸೆಲ್ ಮಸಿ ತಾನಾಗೇ ಸುಡ್ಬೇಕು ಅಂದ್ರೆ ಸುಮಾರು 600 ಡಿಗ್ರಿ ಬೇಕು. ಸಿಗ್ನಲ್ಲಲ್ಲಿ ಐಡಲ್ ಓಡ್ತಿರೋ ಡೀಸೆಲ್ ಎಂಜಿನ್ನಿನ ಎಕ್ಸಾಸ್ಟ್ 200 ಡಿಗ್ರಿ ಆಸುಪಾಸಲ್ಲೇ ಇರತ್ತೆ, ಹಂಗಾಗಿ ಮಸಿ ಕೂರ್ತಾನೇ ಹೋಗತ್ತೆ. ನನ್ನ ಗಾಡೀಲಿರೋ ಥರದ ಟರ್ಬೊದಲ್ಲಿ ಚಕ್ರದ ಸುತ್ತ ವೇನ್ ಅನ್ನೋ ಸಣ್ಣ ಸಣ್ಣ ರೆಕ್ಕೆ ಇರ್ತವೆ, ಎಕ್ಸಾಸ್ಟ್ ಎಷ್ಟು ಜೋರಾಗಿ ಬಡೀಬೇಕು ಅಂತ ತೆರೆದು ಮುಚ್ಚಿ ತೀರ್ಮಾನ ಮಾಡೋದು ಅವೇ. ಮಸಿಗೆ ಅವು ಮುಚ್ಚಿದ ಕಡೆ ಅಂಟ್ಕೊಂಡ್ರೆ ಬೂಸ್ಟ್ ಮಿತಿ ಮೀರತ್ತೆ, ಇಸಿಯು, ಅಂದ್ರೆ ಎಂಜಿನ್ ನೋಡ್ಕೊಳ್ಳೋ ಕಂಪ್ಯೂಟರ್, ಹೆದರಿ ಪವರ್ ಕಟ್ ಮಾಡತ್ತೆ. ನಂಗಾಗಿದ್ದು ಇದೇ.

ಹೋಗೋಕೆ ಮುಂಚೆ ಎಂಜಿನ್ ಆಯಿಲ್, ಫಿಲ್ಟರ್ ಬದಲಾಯಿಸಿದೆ, ಏರ್ ಫಿಲ್ಟರ್ ಹೊಸದು ಹಾಕಿದೆ, ಕೂಲೆಂಟ್ ಮತ್ತೆ ಟೈರ್ ಪ್ರೆಷರ್ ನೋಡ್ಕೊಂಡೆ. ಡಿಪ್‌ಸ್ಟಿಕ್ಕಲ್ಲಿ ಆಯಿಲ್ ಮೇಲಿನ ಗೆರೆ ದಾಟಿಲ್ಲ ಅಂತ ಸಮತಟ್ಟು ಜಾಗದಲ್ಲಿ ನಿಲ್ಲಿಸಿ ಎರಡು ಸಲ ನೋಡ್ದೆ, ಇದನ್ನ ದಯವಿಟ್ಟು ಯಾರೂ ಬಿಡ್ಬೇಡಿ. ಆಯಿಲ್ ಜಾಸ್ತಿ ಇದ್ರೆ, ಇಲ್ಲಾ ಟರ್ಬೊ ಸೀಲ್ ಹೋಗಿ ನೀಲಿ ಹೊಗೆ ಬರ್ತಿದ್ರೆ, ಆ ಆಯಿಲ್ಲನ್ನೇ ಕುಡ್ಕೊಂಡು ಎಂಜಿನ್ ತಾನಾಗೇ ರೇಸ್ ಆಗಿ ಕೀ ತಿರುಗಿಸಿದ್ರೂ ನಿಲ್ಲದೇ ಇರಬಹುದು. ನೀಲಿ ಹೊಗೆ ಗಾಡಿನ ಹೀಗೆ ಓಡಿಸ್ಲೇಬಾರ್ದು. ಟೈಮಿಂಗ್ ಬೆಲ್ಟ್ ಇರೋ ಎಂಜಿನ್ನಾದ್ರೆ ಬೆಲ್ಟ್ ವಯಸ್ಸೂ ನೋಡ್ಕೊಳ್ಳಿ.

ಭಾನುವಾರ ಬೆಳಗ್ಗೆ ಐದಕ್ಕೆ ಹೊರಟೆ, ತುಮಕೂರು ರಸ್ತೆ. ತುಮಕೂರು ಬೈಪಾಸ್ ವರೆಗೂ ಮೆತ್ತಗೆ ಹೋದೆ. ಟೆಂಪರೇಚರ್ ಮುಳ್ಳು ಅರ್ಧಕ್ಕೆ ಬಂದ ತಕ್ಷಣ ಬಿಸಿ ಆಯ್ತು ಅಂದ್ಕೋಬೇಡಿ, ಅದು ಕೂಲೆಂಟ್ ಬಿಸಿ, ಆಯಿಲ್ ಬಿಸಿ ಆಗೋಕೆ ಇನ್ನೂ ಹೊತ್ತು ಬೇಕು. ಬೈಪಾಸ್ ದಾಟಿದ್ಮೇಲೆ ಐದನೇ ಗೇರಿಂದ ನಾಲ್ಕಕ್ಕೆ ಇಳಿಸಿ 3000 ಆರ್‌ಪಿಎಂ (ಎಂಜಿನ್ ನಿಮಿಷಕ್ಕೆ ತಿರುಗೋ ಸುತ್ತು) ಹಿಡ್ಕೊಂಡೆ, ಸ್ಪೀಡು 85-90. ಹಂಗೇ ಇಪ್ಪತ್ತು ನಿಮಿಷ. ಸ್ಪೀಡ್ ಅಲ್ಲ ಇಲ್ಲಿ ಮುಖ್ಯ, ಲೋಡು, ಅಂದ್ರೆ ಎಂಜಿನ್ ಎಳೆಯೋ ಭಾರ. ಎಲ್ಲೂ ನಾನು 100 ದಾಟ್ಲಿಲ್ಲ. ನ್ಯೂಟ್ರಲ್ಲಲ್ಲಿ ನಿಂತು ಭರ್‌ಭರ್ ಅಂತ ರೇಸ್ ಕೊಟ್ರೆ ಸದ್ದು ಬರತ್ತೆ ಅಷ್ಟೆ, ಎಂಜಿನ್ ಏನನ್ನೂ ಎಳೀತಿರಲ್ಲ, ಬೇಕಾದ ಬಿಸಿ ಹುಟ್ಟಲ್ಲ.

ಶಿರಾ ದಾಟಿದ್ಮೇಲೆ ರಸ್ತೆ ಖಾಲಿ. ಅಲ್ಲಿಂದ ಥರ್ಡ್ ಗೇರು. 1800 ಆರ್‌ಪಿಎಂನಿಂದ ಪೆಡಲ್ ಪೂರ್ತಿ ಒತ್ತಿ 3800 ವರೆಗೆ ಎಳೆಸೋದು, ಆಮೇಲೆ ಕಾಲು ಪೂರ್ತಿ ತೆಗೆದು ಗೇರಲ್ಲೇ ಇಳಿಯೋಕೆ ಬಿಡೋದು, ಮತ್ತೆ ಒತ್ತೋದು. ಹೀಗೆ ಮಾಡಿದಾಗ ಬಿಸಿ ಜೊತೆಗೆ ಆ ರೆಕ್ಕೆಗಳೂ ಈ ತುದಿಯಿಂದ ಆ ತುದಿವರೆಗೆ ಆಡ್ತವೆ, ತುಕ್ಕು ಹಿಡಿದ ಕೀಲನ್ನ ಆಡಿಸಿ ಆಡಿಸಿ ಬಿಡಿಸ್ದಂಗೆ. ಪ್ರತೀ ಸಲ ಒತ್ತೋ ಮುಂಚೆ ಕನ್ನಡಿ ನೋಡ್ತಿದ್ದೆ, ಹಿಂದೆ ಬೈಕಿನವರು ಇದ್ರೆ ಅವರು ಹೋಗೋ ತನಕ ಕಾಯ್ತಿದ್ದೆ, ಯಾಕಂದ್ರೆ ಮೊದಲನೇ ಸಲ ಒತ್ತಿದಾಗ ಹಿಂದಿನ ಗ್ಲಾಸಲ್ಲಿ ರಸ್ತೆನೇ ಕಾಣ್ಲಿಲ್ಲ. ಆಗಷ್ಟೇ ಬೆಳಕು ಹರೀತಿತ್ತು, ಆ ಬೆಳಕಲ್ಲಿ ಕರೀ ಹೊಗೆ ಕಂಬಳಿ ಹಾಸ್ದಂಗೆ ರಸ್ತೆ ಮೇಲೆ ನಿಂತಿತ್ತು. ಎರಡನೇ ಸಲಾನೂ ಹಂಗೇ. ನಾಲ್ಕನೇದಕ್ಕೆ ತೆಳು ಆಯ್ತು, ಏಳೋ ಎಂಟನೇ ಸಲಕ್ಕೆ ಹೊಗೆ ಕಾಣ್ಲೇ ಇಲ್ಲ. ಮಧ್ಯೆ ಒಂದ್ಸಲ ಲೈಟ್ ಬಂತು, ಸೈಡಿಗೆ ನಿಲ್ಲಿಸಿ ಎರಡು ನಿಮಿಷ ಐಡಲ್ ಬಿಟ್ಟು ಆಫ್ ಮಾಡಿ ಸ್ಟಾರ್ಟ್ ಮಾಡ್ದೆ, ಆಮೇಲೆ ಬರ್ಲಿಲ್ಲ.

ಹಿರಿಯೂರಲ್ಲಿ ತಿರುಗಿಸ್ಕೊಂಡು ವಾಪಸ್ ಬರುವಾಗ ಕ್ಯಾತ್ಸಂದ್ರದಲ್ಲಿ ತಟ್ಟೆ ಇಡ್ಲಿಗೆ ನಿಲ್ಲಿಸ್ದೆ. ನಿಲ್ಲಿಸೋ ಮುಂಚೆ ನಾಲ್ಕೈದು ಕಿಲೋಮೀಟರ್ ಮೆತ್ತಗೆ ಬಂದೆ, ಬಿಸಿ ಟರ್ಬೊನ ಥಟ್ಟಂತ ಆಫ್ ಮಾಡಿದ್ರೆ ಅಲ್ಲೇ ನಿಂತ ಆಯಿಲ್ ಸುಟ್ಟು ಇನ್ನೊಂದು ಥರ ಕಾರ್ಬನ್ ಆಗತ್ತೆ. ಒಣಹುಲ್ಲಿನ ಮೇಲೂ ನಿಲ್ಲಿಸ್ಬಾರ್ದು, ಆಗ ಎಕ್ಸಾಸ್ಟ್ ಅಷ್ಟು ಕಾದಿರತ್ತೆ.

ಇದನ್ನೇ ಮೂರು ಭಾನುವಾರ ಮಾಡ್ದೆ. ಮೂರನೇ ಸಲ ಒಂದ್ಸಲಾನೂ ಲೈಟ್ ಬರ್ಲಿಲ್ಲ, 1800 ದಾಟ್ತಿದ್ದಂಗೆ ಹಳೇ ಎಳೆತ ಬಂತು. ಆಮೇಲೆ ಎಮಿಷನ್ ಟೆಸ್ಟಿಗೆ ಹೋದಾಗ, ನನ್ನ ಗಾಡಿಯಂಥ ಬಿಎಸ್4 (ಭಾರತ್ ಸ್ಟೇಜ್ 4 ಮಾಲಿನ್ಯ ನಿಯಮದ) ಡೀಸೆಲ್ಲಿಗೆ ಹೊಗೆ ಮಿತಿ 1.62, ಹಿಂದಿನ ಸಲ ಅದರ ಅಂಚಲ್ಲಿ ಪಾಸಾಗಿದ್ದ ಗಾಡಿ ಈ ಸಲ ಅದರ ಅರ್ಧಕ್ಕಿಂತ ಕೆಳಗಿತ್ತು.

ಆದ್ರೆ ಐಡಲ್ಲಲ್ಲಿ ಸಣ್ಣ ನಡುಕ, 1500 ಹತ್ರ ಜರ್ಕು, ಎರಡೂ ಹಂಗೇ ಉಳೀತು. ಹೈವೇ ಓಟ ಎಲ್ಲಾ ಕ್ಲೀನ್ ಮಾಡತ್ತೆ ಅನ್ನೋರ ಮಾತನ್ನ ನಾನು ಒಪ್ಪದೇ ಇರೋದು ಇಲ್ಲೇ. ಇಜಿಆರ್ ಅನ್ನೋ ವ್ಯವಸ್ಥೆ ಎಕ್ಸಾಸ್ಟಿನ ಒಂದು ಪಾಲನ್ನ ತಣ್ಣಗೆ ಮಾಡಿ ಒಂದು ವಾಲ್ವ್ ಮೂಲಕ ವಾಪಸ್ ಇನ್‌ಟೇಕಿಗೆ, ಅಂದ್ರೆ ಎಂಜಿನ್ ಗಾಳಿ ಎಳ್ಕೊಳ್ಳೋ ದಾರಿಗೆ, ಕಳಿಸತ್ತೆ, ಅಲ್ಲಿ ಎಂಜಿನ್ ಉಸಿರಿನ ಆಯಿಲ್ ಆವಿ ಸೇರಿ ಜಿಗುಟು ಆಗತ್ತೆ. ನೀವು ಪೆಡಲ್ ಪೂರ್ತಿ ಒತ್ತಿದಾಗ ಇಸಿಯು ಆ ವಾಲ್ವನ್ನೇ ಮುಚ್ಚಿಬಿಡತ್ತೆ, ಬಿಸಿ ಗಾಳಿ ಆ ಕಡೆ ಹೋಗೋದೇ ಇಲ್ಲ, ಇನ್ನು ಸುಡೋದೆಲ್ಲಿ? ಆ ಮೆಕ್ಯಾನಿಕ್ ಜೊತೆ ನಿಂತು ಬಿಚ್ಚಿಸ್ದೆ. ಇನ್‌ಟೇಕ್ ಮ್ಯಾನಿಫೋಲ್ಡ್, ಅಂದ್ರೆ ಆ ಗಾಳಿ ಹೋಗೋ ಕೊಳವೆಯ, ಬಾಯಿ ಅರ್ಧ ಮುಚ್ಚಿತ್ತು, ಬೆರಳು ಹಾಕಿದ್ರೆ ಬಿಸಿಲಿಗೆ ಕರಗಿದ ಡಾಂಬರಿನ ಥರ ಅಂಟ್ತಿತ್ತು. ಮರದ ಕಡ್ಡಿಲಿ ಕೆರೆದು, ಕ್ಲೀನರ್ ಹೊಡೆದು, ಬ್ರಷ್ಷಲ್ಲಿ ಉಜ್ಜಿ, ಹೊಸ ಗ್ಯಾಸ್ಕೆಟ್ ಹಾಕೋ ಹೊತ್ತಿಗೆ ಅರ್ಧ ದಿನ ಆಯ್ತು. ಜರ್ಕು ಅವತ್ತೇ ಹೋಯ್ತು.

2020ರ ಏಪ್ರಿಲ್ ಆದ್ಮೇಲಿನ ಬಿಎಸ್6 ಡೀಸೆಲ್ ಇರೋರಿಗೆ ಹೈವೇ ಓಟ ಇನ್ನೂ ಮುಖ್ಯ, ಅವರ ಗಾಡೀಲಿ ಮಸಿ ಹಿಡಿಯೋಕೇ ಡಿಪಿಎಫ್ ಅಂತ ಜಾಲರಿ ಇದೆ. ನನ್ನ ಸ್ನೇಹಿತ ಸಿಟೀಲೇ ಓಡಿಸಿ ಡಿಪಿಎಫ್ ಲೈಟ್ ಬಂದ್ರೂ ಸುಮ್ಮನಿದ್ದ. ಆ ಲೈಟ್ ಬಂದಾಗ್ಲೇ ಮ್ಯಾನ್ಯುಯಲ್ಲಲ್ಲಿ ಹೇಳಿರೋ ಹಾಗೆ 2000 ಆರ್‌ಪಿಎಂ ಮೇಲೆ ಹದಿನೈದಿಪ್ಪತ್ತು ನಿಮಿಷ ನಿಲ್ಲಿಸದೇ ಓಡಿಸಿದ್ರೆ ಮುಗೀತಿತ್ತು. ಅವನು ಪ್ರತೀ ಸಲ ಮಧ್ಯದಲ್ಲೇ ಆಫ್ ಮಾಡ್ತಿದ್ದ, ಮಸಿ ಸುಡೋಕೆ ಅಂತ ಗಾಡಿ ಹೆಚ್ಚಿಗೆ ಸಿಡಿಸಿದ ಡೀಸೆಲ್ ಎಂಜಿನ್ ಆಯಿಲ್ಲಿಗೆ ಇಳಿದು ಲೆವೆಲ್ ಗೆರೆ ದಾಟಿತ್ತು. ಅದು ಗೊತ್ತಾಗಿದ್ದು ನಾನು ಡಿಪ್‌ಸ್ಟಿಕ್ ಎಳೆದು ಮೂಸಿದಾಗ, ಡೀಸೆಲ್ ವಾಸನೆ ಮುಖಕ್ಕೇ ಹೊಡೀತು. ಅವನ ಗಾಡಿನ ಹೈವೇಗೆ ತಗೊಂಡ್ಹೋಗೋಕೆ ನಾನು ಬಿಡ್ಲಿಲ್ಲ, ಆಯಿಲ್ ಬದಲಾಯಿಸಿ, ವರ್ಕ್‌ಶಾಪಲ್ಲಿ ಸ್ಕ್ಯಾನರ್ ಹಾಕಿ ರೀಜನರೇಷನ್ (ಡಿಪಿಎಫ್ ಒಳಗಿನ ಮಸಿ ಸುಡೋ ಕೆಲಸ) ಮಾಡಿಸಿದ್ಮೇಲೇ ಶಿರಾ ಕಡೆ ಹೊರಟ್ವಿ.