ಬೀಜದಿಂದ ಅಗಿ ಎಬ್ಬಿಸಿ ಹಚ್ಚಿದ ನನ್ನ ಅನುಭವ

ಧಾರವಾಡದ ನಮ್ಮ ಹಿತ್ತಲಿನ ಮಸಾರಿ ಮಣ್ಣಿನಲ್ಲಿ ನಾನು ಸಂತೆಯಿಂದ ತಂದು ಹಚ್ಚುತ್ತಿದ್ದ ಮೆಣಸಿನಕಾಯಿ ಅಗಿಗಳಲ್ಲಿ (ಎಳೆ ಸಸಿಗಳಲ್ಲಿ) ಅರ್ಧಕ್ಕಿಂತ ಹೆಚ್ಚು ವಾರದೊಳಗೆ ಬಾಡಿ ಹೋಗುತ್ತಿದ್ದವು. ಬೀಜದಿಂದಲೇ ಅಗಿ ಎಬ್ಬಿಸುವುದನ್ನು ಕಲಿಯಬೇಕೆಂದು ಕಳೆದ ಮೇ ತಿಂಗಳಲ್ಲಿ ಭಾನುವಾರದ ಕೈತೋಟದ ತರಗತಿಗೆ ಸೇರಿದೆ.

ಮೊದಲ ದಿನ ಸಸಿ ಎಬ್ಬಿಸುವ 98 ಕುಳಿಗಳ ತಟ್ಟೆಗೆ, ಅಂದರೆ ಪ್ರೋಟ್ರೇಗೆ, ತೆಂಗಿನ ನಾರಿನ ಪುಡಿ ಮತ್ತು ಎರೆಗೊಬ್ಬರ ಬೆರೆಸಿ ತುಂಬಿದೆವು. ನೆನೆಸಿದ ಪುಡಿಯನ್ನು ಮುಷ್ಟಿಯಲ್ಲಿ ಹಿಂಡಿದರೆ ಒಂದೆರಡು ಹನಿ ಮಾತ್ರ ಬರಬೇಕು. ಪ್ರತಿ ಕುಳಿಗೆ ಒಂದೇ ಬೀಜವನ್ನು ಅರ್ಧ ಸೆಂಟಿಮೀಟರ್ ಆಳಕ್ಕೆ ಇಟ್ಟು ಮುಚ್ಚಿದೆ. ಟೊಮ್ಯಾಟೊ ಆರನೆಯ ದಿನ ಮೊಳೆಯಿತು. ಮೆಣಸಿನಕಾಯಿ ಹತ್ತು ದಿನ ತೆಗೆದುಕೊಂಡಿತು.

ಬಿಸಿಲಿಗೆ ಹೆದರಿ ನಾನು ಬೆಳಿಗ್ಗೆಯೂ ಸಂಜೆಯೂ ನೀರು ಚಿಮುಕಿಸುತ್ತಿದ್ದೆ. ಒಂದು ಮುಂಜಾನೆ ನೋಡಿದರೆ ಎಲೆಗಳಿನ್ನೂ ಹಸಿರಾಗಿರುವಾಗಲೇ ಸಸಿಗಳು ಸಾಲಾಗಿ ಮಲಗಿದ್ದವು. ಮಣ್ಣಿಗೆ ತಾಗುವ ಜಾಗದಲ್ಲಿ ಕಾಂಡ ಕಂದಾಗಿ, ನೂಲಿನಂತೆ ಸಣ್ಣಗಾಗಿತ್ತು. ಸದಾ ಒದ್ದೆಯಾಗಿರುವ ಮಣ್ಣಿನಲ್ಲಿ ಪಿಥಿಯಂನಂಥ ಸೂಕ್ಷ್ಮಜೀವಿಗಳು ಹೆಚ್ಚಿ ಬುಡವನ್ನು ಕೊಳೆಸುತ್ತವೆ ಎಂದು ನಮಗೆ ಕಲಿಸುತ್ತಿದ್ದ ಅಕ್ಕನವರು ವಿವರಿಸಿ, ತಮ್ಮ ಟ್ರೇಯನ್ನು ನನ್ನ ಕೈಗೆ ಕೊಟ್ಟು, "ಎತ್ತಿ ನೋಡ್ರಿ, ಹಗುರ ಆಗಿದ್ರಷ್ಟ ನೀರ ಹಾಕ್ರಿ" ಎಂದರು. ಆ ತೂಕವನ್ನು ಅಂಗೈಗೆ ರೂಢಿಸಿಕೊಳ್ಳಲು ನನಗೆ ಒಂದು ವಾರ ಹಿಡಿಯಿತು. ಇಡೀ ತರಗತಿಯಲ್ಲಿ ನಾನು ಕಲಿತ ಅತಿ ಮುಖ್ಯ ಪಾಠ ಇದೇ.

ಜೂನ್ ಮೊದಲ ವಾರ ಟ್ರೇ ತೊಳೆದು, ಮಿಶ್ರಣಕ್ಕೆ ಬುಡ ಕೊಳೆಸುವ ಜೀವಿಗಳನ್ನು ಹತ್ತಿಕ್ಕುವ ಟ್ರೈಕೋಡರ್ಮಾ ಎಂಬ ಶಿಲೀಂಧ್ರ ಸೇರಿಸಿ ಮತ್ತೆ ಬಿತ್ತಿದೆ. ಈ ಸಲ ನೀರು ದಿನಕ್ಕೊಮ್ಮೆ, ಅದೂ ಬೆಳಿಗ್ಗೆ ಮಾತ್ರ. ಮೋಡ ಕವಿದ ದಿನಗಳಲ್ಲಿ ಅದೂ ಇಲ್ಲ. ಟೊಮ್ಯಾಟೊ 25 ದಿನಕ್ಕೆ ಸಿದ್ಧವಾಯಿತು, ಮೆಣಸಿನಕಾಯಿಗೆ 40 ದಿನ ಬೇಕಾಯಿತು. ಹಚ್ಚುವುದಕ್ಕೆ ಒಂದು ವಾರ ಮೊದಲಿನಿಂದ ನೀರನ್ನು ಇನ್ನಷ್ಟು ಕಡಿಮೆ ಮಾಡಿ, ಟ್ರೇಯನ್ನು ದಿನದಿಂದ ದಿನಕ್ಕೆ ಹೆಚ್ಚು ಹೊತ್ತು ಬಿಸಿಲಿನಲ್ಲಿಟ್ಟೆ. ಸಂತೆಯ ಅಗಿಗಳು ನೆರಳಿನಿಂದ ನೇರವಾಗಿ ಬಿಸಿಲಿಗೆ ಬಿದ್ದು ಬಾಡುತ್ತಿದ್ದವೆಂಬುದು ಆಗ ನನಗೆ ಮನವರಿಕೆಯಾಯಿತು.

ಪುನರ್ವಸು ಮಳೆ ಬಿಡುವು ಕೊಟ್ಟ ಒಂದು ಸಂಜೆ ಮೆಣಸಿನ ಅಗಿ ಹಚ್ಚಿದೆ. ಕುಳಿಯ ತಳವನ್ನು ಕೆಳಗಿನಿಂದ ಒತ್ತಿ, ಕಾಂಡವನ್ನು ಮುಟ್ಟದೆ ಎಲೆ ಹಿಡಿದು ಎಳೆದಾಗ, ಬಿಳಿ ಬೇರುಗಳು ಹೆಣೆದುಕೊಂಡ ಗಟ್ಟಿ ಉಂಡೆ ಸ್ವಲ್ಪವೂ ಉದುರದೆ ಹೊರಬಂದಿತು. ಎಲೆ ಹರಿದರೆ ಇನ್ನೊಂದು ಬರುತ್ತದೆ, ಕಾಂಡ ಜಜ್ಜಿದರೆ ಅಗಿಯೇ ಹೋಗುತ್ತದೆ. ಟೊಮ್ಯಾಟೊ ಕಾಂಡದಿಂದಲೂ ಬೇರು ಬಿಡುವುದರಿಂದ ಅದನ್ನು ಆಳವಾಗಿ ಹೂತಿದ್ದೆ. ಮೆಣಸಿನಕಾಯಿಯನ್ನು ಟ್ರೇಯಲ್ಲಿದ್ದ ಮಟ್ಟಕ್ಕೇ ಕೂರಿಸಿ, ಬುಡವನ್ನು ಬೆರಳಿನಿಂದ ಅದುಮಿ ನೀರುಣಿಸಿದೆ.

ಎಂಟನೆಯ ದಿನ ಸುಳಿಗಳಲ್ಲಿ ತಿಳಿಹಸಿರು ಎಲೆ ಬಿಚ್ಚಿತು. ಹಚ್ಚಿದ 40 ಮೆಣಸಿನ ಅಗಿಗಳಲ್ಲಿ 36 ಹಿಡಿದವು; ಹೋದ ನಾಲ್ಕೂ ಮಾಳಿಗೆಯ ನೀರು ಬಂದು ನಿಲ್ಲುವ ಮೂಲೆಯಲ್ಲಿದ್ದವು.